ಎಣಿಕೆಯ ಗೀಟುಗಳು



ಈ ವರ್ಷ ನಮ್ಮ ಶಾಲೆಯ ಏಳನೆಯ ಇಯತ್ತೆಯ ಕೆಲವರು ಮಧ್ಯಾಹ್ನದ ವಿರಾಮದಲ್ಲಿ ಒಂದನೆಯ ಇಯತ್ತೆಯ ಮಕ್ಕಳಿಗೆ ಎಣಿಕೆ ಕಲಿಸಲು ತಾವಾಗಿಯೇ ಮುಂದೆ ಬಂದರು. ಮೊದಲ ವಾರ ಅವರ ಉತ್ಸಾಹ ಹೇಳತೀರದು. ಎರಡನೆಯ ವಾರ ಅವರಲ್ಲಿ ಇಬ್ಬರು ಮುಖ ಸಣ್ಣದು ಮಾಡಿಕೊಂಡು ನನ್ನ ಬಳಿಗೆ ಬಂದರು. “ಗುರುಗಳೇ, ಈ ಹುಡುಗ ಒಂದರಿಂದ ನೂರರವರೆಗೆ ಎಲ್ಲಿಯೂ ತಡೆಯದೆ ಹೇಳುತ್ತಾನೆ. ಆದರೆ ಡಬ್ಬಿಯಿಂದ ಏಳು ಬಳಪ ತಾ ಎಂದರೆ ಒಮ್ಮೆ ಆರು ತರುತ್ತಾನೆ, ಇನ್ನೊಮ್ಮೆ ಒಂಬತ್ತು ತರುತ್ತಾನೆ. ನಾವು ಕಲಿಸಿದ್ದರಲ್ಲಿ ತಪ್ಪೆಲ್ಲಿ?” ಎಂದು ಕೇಳಿದರು.

ಪ್ರಶ್ನೆ ಚಿಕ್ಕದೆಂದು ತೋರಿದರೂ ಚಿಕ್ಕದಲ್ಲ. ಅಂದು ಗಂಟೆ ಬಾರಿಸುವ ಹೊತ್ತಾಗಿದ್ದುದರಿಂದ ನಾನು ಕೊಟ್ಟ ಉತ್ತರ ಅವಸರದ್ದಾಯಿತು. ಆದುದರಿಂದ ಅದನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಬಹುಮಂದಿಗೆ ಮನೆಯಲ್ಲಿ ತಮ್ಮನೋ ತಂಗಿಯೋ ಇದ್ದಾರೆ. ಎಣಿಕೆ ಕಲಿಸುವ ಕೆಲಸ ಇಂದಲ್ಲ ನಾಳೆ ನಿಮ್ಮ ಪಾಲಿಗೂ ಬಂದೇ ಬರುತ್ತದೆ.

ಆ ಹುಡುಗನಿಗೆ ಗೊತ್ತಿದ್ದುದು ಎಣಿಕೆಯಲ್ಲ, ಸಂಖ್ಯೆಗಳ ಹೆಸರು ಮಾತ್ರ. ಅರ್ಥ ತಿಳಿಯದೆಯೇ ಒಂದು ಹಾಡನ್ನು ಬಾಯಿಪಾಠ ಮಾಡಬಹುದಷ್ಟೆ? ಹಾಗೆಯೇ ಒಂದು, ಎರಡು, ಮೂರು ಎಂಬ ಹೆಸರುಗಳನ್ನೂ ಬಾಯಿಪಾಠ ಮಾಡಬಹುದು. ಎಣಿಸುವುದೆಂದರೆ ಅದಕ್ಕಿಂತ ಹೆಚ್ಚಿನದು. ಹೆಸರುಗಳು ಒಂದೇ ಕ್ರಮದಲ್ಲಿ ಬರಬೇಕು. ಒಂದು ವಸ್ತುವಿಗೆ ಒಂದೇ ಹೆಸರು ಸಲ್ಲಬೇಕು, ಯಾವುದೂ ಬಿಟ್ಟುಹೋಗಬಾರದು, ಯಾವುದಕ್ಕೂ ಎರಡು ಸಲ್ಲಬಾರದು. ಕೊನೆಯಲ್ಲಿ ಹೇಳಿದ ಹೆಸರೇ ಇಡೀ ಗುಂಪಿನ ಪರಿಮಾಣವೆಂದು ತಿಳಿಯಬೇಕು. ಅಮೆರಿಕದ ರೋಚೆಲ್ ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್ ಎಂಬ ಮನಶ್ಶಾಸ್ತ್ರಜ್ಞರು ೧೯೭೮ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಎಣಿಕೆಗೆ ಐದು ತತ್ತ್ವಗಳನ್ನು ಹೇಳಿದ್ದಾರೆ; ಅವುಗಳಲ್ಲಿ ಮೊದಲ ಮೂರು ಇವೇ. ನೂರರವರೆಗೆ ಹೇಳಬಲ್ಲ ನಮ್ಮ ಹುಡುಗನಿಗೆ ಇವುಗಳಲ್ಲಿ ಮೊದಲನೆಯದು ಮಾತ್ರ ಕೈವಶವಾಗಿತ್ತು. ಅವನು ಬಳಪ ಎಣಿಸುವಾಗ ಅವನ ಬೆರಳನ್ನೇ ನೋಡಿ ಎಂದು ನಾನು ಆ ಇಬ್ಬರಿಗೂ ಹೇಳಿದೆ. ನೋಡಿದರು. ಬೆರಳು ಒಂದು ಬಳಪದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಬಾಯಿ ಎರಡು ಹೆಸರುಗಳನ್ನು ಮುಗಿಸಿರುತ್ತಿತ್ತು.

ಹಾಗಾದರೆ ಮಾಡಬೇಕಾದುದೇನು? ಸ್ವಲ್ಪ ಕಾಲ ಬಾಯಿಗೆ ಬಿಡುವು ಕೊಟ್ಟು ಕೈಗೆ ಕೆಲಸ ಕೊಡಬೇಕು. ಈ ಕೆಲಸಕ್ಕೆ ಮನುಷ್ಯನು ಕಂಡುಕೊಂಡಿರುವ ಸಾಧನಗಳಲ್ಲೆಲ್ಲ ಬಹು ಹಳೆಯದು, ಬಹು ಅಗ್ಗದ್ದು, ಗೀಟು. ಒಂದು ವಸ್ತುವಿಗೆ ಒಂದು ಗೀಟು. ನಿಮ್ಮ ಗಣಿತದ ಪುಸ್ತಕಗಳಲ್ಲಿ ಇದನ್ನು ತಾಳೆ ಗುರುತು ಎಂದು ಕರೆದಿರುವುದನ್ನು ಕಂಡಿರಬಹುದು. ಹೆಸರು ಚೆನ್ನಾಗಿದೆ. ತಾಳೆ ನೋಡುವುದೆಂದರೆ ಇದಕ್ಕೂ ಅದಕ್ಕೂ ಹೊಂದುತ್ತದೆಯೇ ಎಂದು ಪರೀಕ್ಷಿಸುವುದಲ್ಲವೇ?

ಆದರೆ ಮೊದಲ ದಿನವೇ ಮಗುವಿನ ಕೈಗೆ ಪೆನ್ಸಿಲು ಕೊಡಬೇಡಿ. ಗೀಟಿಗೂ ಮೊದಲು ಬೀಜ ಬರಬೇಕು. ನಮ್ಮ ಒಂದನೆಯ ಇಯತ್ತೆಯ ಬಾಗಿಲ ಬಳಿ ಒಂದು ತಗಡಿನ ಡಬ್ಬಿಯನ್ನಿಟ್ಟು, ಪಕ್ಕದಲ್ಲಿ ಹುಣಸೆ ಬೀಜಗಳ ಒಂದು ತಟ್ಟೆಯನ್ನಿಟ್ಟೆವು. ಆಟಕ್ಕೆ ಹೊರಗೆ ಹೋಗುವ ಪ್ರತಿಯೊಂದು ಮಗುವೂ ಡಬ್ಬಿಗೆ ಒಂದು ಬೀಜ ಹಾಕಬೇಕು. ಒಳಗೆ ಬರುವಾಗ ಒಂದು ಬೀಜ ತೆಗೆಯಬೇಕು. ಇಷ್ಟೇ ನಿಯಮ. ಸಂಖ್ಯೆಯ ಹೆಸರನ್ನು ಯಾರೂ ಎತ್ತಬೇಕಾಗಿಲ್ಲ. ಒಂದು ದಿನ ಎಲ್ಲರೂ ಬಂದು ಕುಳಿತ ಮೇಲೆ ಡಬ್ಬಿಯ ತಳದಲ್ಲಿ ಒಂದು ಬೀಜ ಉಳಿದಿತ್ತು. ಮಕ್ಕಳೆಲ್ಲ ಒಬ್ಬರ ಮುಖವನ್ನೊಬ್ಬರು ನೋಡಿದರು. ಒಬ್ಬ ಹುಡುಗಿ ಎದ್ದು ನಿಂತು, “ಯಾರೋ ಹೊರಗೇ ಇದ್ದಾರೆ” ಎಂದಳು. ಹುಡುಕಿದೆವು. ಹಿಂಬದಿಯ ಮೆಟ್ಟಿಲುಗಳ ಕೆಳಗೆ, ಬಾರು ಕಿತ್ತ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು, ಅಳುವನ್ನು ನುಂಗಿಕೊಂಡು ಒಬ್ಬ ಕುಳಿತಿದ್ದ. ಅಂದು ಹೊರಗೆ ಹೋದವರು ಎಷ್ಟು ಮಂದಿ, ಬಂದವರು ಎಷ್ಟು ಮಂದಿ ಎಂದು ಆ ಮಕ್ಕಳಲ್ಲಿ ಯಾರೂ ಹೇಳಲಾರರು. ಆದರೂ ಒಬ್ಬನು ಬಂದಿಲ್ಲವೆಂಬುದು ಎಲ್ಲರಿಗೂ ತಿಳಿಯಿತು. ಸಂಖ್ಯೆಯ ಬೇರು ಇಲ್ಲಿದೆ.

ನಮ್ಮ ಹಳ್ಳಿಗಳಲ್ಲಿ ಈ ಬೇರು ಬಹು ಆಳವಾಗಿ ಇಳಿದಿದೆ. ಕಣದಲ್ಲಿ ರಾಶಿಯನ್ನು ಅಳೆಯುವುದನ್ನು ನಿಮ್ಮ ಅಜ್ಜಂದಿರು ಕಂಡಿರುತ್ತಾರೆ. ಊರಿಗೆ ಹೋದಾಗ ಕೇಳಿ ನೋಡಿ. ಕೊಳಗದಿಂದ ಮೊದಲ ಅಳತೆಯನ್ನು ಹಾಕುವಾಗ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಆಮೇಲೆ ಎರಡು, ಮೂರು ಎಂದು ಎಣಿಕೆ ಮುಂದುವರಿಯುತ್ತದೆ. ಹೆಸರು ಬದಲಾದರೂ ಲೆಕ್ಕ ಕೆಡುವುದಿಲ್ಲವೆಂಬುದನ್ನು ಗಮನಿಸಿ. ಒಂದು ಅಳತೆಗೆ ಒಂದು ಮಾತು ಸಂದರೆ ಸಾಕು. ಹಾಲು ತರುವವಳು ಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ದಿನಕ್ಕೊಂದು ಗೀಟು ಎಳೆದು ತಿಂಗಳ ಕೊನೆಗೆ ಲೆಕ್ಕ ತೀರಿಸಿಕೊಳ್ಳುತ್ತಿದ್ದ ಕಾಲವೂ ಇತ್ತು. ಅವಳಿಗೆ ಓದುಬರಹ ಬಾರದಿದ್ದರೂ ಮನೆಯೊಡತಿ ಅವಳಿಗೆ ಮೋಸ ಮಾಡುವಂತಿರಲಿಲ್ಲ. ಗೀಟುಗಳು ಇಬ್ಬರಿಗೂ ಕಾಣುತ್ತಿದ್ದುವು. ಇಂದು ಮುಂಬಯಿಯ ಅಡಿಗೆಮನೆಗಳಲ್ಲಿ ಗೋಡೆಯ ಬದಲು ಕ್ಯಾಲೆಂಡರು ಬಂದಿದೆ, ಅಷ್ಟೇ.

ಗೀಟಿನ ವಂಶವೃಕ್ಷವನ್ನು ಹುಡುಕುತ್ತ ಹೋದರೆ ನಾವು ಆಫ್ರಿಕದ ಒಂದು ಸರೋವರದ ದಂಡೆಗೆ ಹೋಗಿ ನಿಲ್ಲುತ್ತೇವೆ. ೧೯೫೦ರಲ್ಲಿ, ಆಗ ಬೆಲ್ಜಿಯನ್ ಕಾಂಗೋ ಎಂದು ಕರೆಯುತ್ತಿದ್ದ ದೇಶದ ಇಶಾಂಗೋ ಎಂಬಲ್ಲಿ ಜ್ಯಾಂ ದ ಹೈಂಜಲಿನ್ ಎಂಬ ಭೂವಿಜ್ಞಾನಿಗೆ ಗೆರೆ ಕೊರೆದ ಒಂದು ಮೂಳೆ ದೊರೆಯಿತು. ಅದು ಸುಮಾರು ೨೦,೦೦೦ ವರ್ಷಗಳಷ್ಟು ಹಳೆಯದೆಂದು ಹೇಳುತ್ತಾರೆ. ಗೆರೆಗಳು ಗುಂಪುಗುಂಪಾಗಿವೆ. ಅವು ಏನನ್ನು ಎಣಿಸಿದ ಗೆರೆಗಳು ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ.

ಇಂಗ್ಲೆಂಡಿನ ಕಥೆ ಇದಕ್ಕಿಂತ ಸ್ಪಷ್ಟವಾಗಿದೆ, ಸ್ವಾರಸ್ಯವಾಗಿಯೂ ಇದೆ. ಅಲ್ಲಿಯ ರಾಜರ ಖಜಾನೆಯಲ್ಲಿ ಹನ್ನೆರಡನೆಯ ಶತಮಾನದಿಂದ ಹತ್ತೊಂಬತ್ತನೆಯ ಶತಮಾನದವರೆಗೂ ಹಣದ ಲೆಕ್ಕವನ್ನು ಮರದ ಕೋಲುಗಳ ಮೇಲೆ ಕಚ್ಚು ಹಾಕಿ ಇಡುತ್ತಿದ್ದರು. ಸಾವಿರ ಪೌಂಡಿಗೆ ಅಂಗೈಯಷ್ಟು ಅಗಲದ ಕಚ್ಚು, ನೂರಕ್ಕೆ ಹೆಬ್ಬೆರಳಿನಷ್ಟು, ಇಪ್ಪತ್ತಕ್ಕೆ ಕಿರುಬೆರಳಿನಷ್ಟು, ಒಂದಕ್ಕೆ ಜವೆಗೋಧಿಯ ಕಾಳಿನಷ್ಟು. ಕಚ್ಚು ಹಾಕಿದ ಮೇಲೆ ಕೋಲನ್ನು ಉದ್ದಕ್ಕೆ ಎರಡಾಗಿ ಸೀಳಿ, ಹಣ ಕೊಟ್ಟವನಿಗೆ ಒಂದು ಭಾಗ, ಪಡೆದವನಿಗೆ ಒಂದು ಭಾಗ. ಇವನು ತನ್ನ ಭಾಗದಲ್ಲಿ ಗುಟ್ಟಾಗಿ ಒಂದು ಕಚ್ಚು ಹೆಚ್ಚಿಗೆ ಹಾಕಿದರೆ ಅವನ ಭಾಗದಲ್ಲಿ ಅದು ಇರುವುದಿಲ್ಲ. ಎರಡನ್ನೂ ಜೋಡಿಸಿದ ಕೂಡಲೇ ಕಳ್ಳತನ ಹೊರಬೀಳುತ್ತದೆ. ಎಷ್ಟು ಸರಳವಾದ ಯುಕ್ತಿ, ನೋಡಿ! ಕತ್ತರಿಸಿದ ಕಡ್ಡಿ ಎಂಬ ಅರ್ಥದ ಲ್ಯಾಟಿನ್ ಶಬ್ದದಿಂದಲೇ ಇಂಗ್ಲಿಷಿನ ಟ್ಯಾಲಿ ಎಂಬ ಶಬ್ದ ಹುಟ್ಟಿದೆ.

ಈ ಪದ್ಧತಿ ೧೮೨೬ರಲ್ಲಿ ನಿಂತುಹೋಯಿತು. ಆದರೆ ಹಳೆಯ ಕೋಲುಗಳ ರಾಶಿ ಹಾಗೆಯೇ ಬಿದ್ದಿತ್ತು. ಬಡವರಿಗೆ ಸೌದೆಯೆಂದು ಹಂಚಿಬಿಡಬಹುದಾಗಿತ್ತು. ಹಾಗೆ ಮಾಡದೆ, ಲಂಡನ್ನಿನ ಪಾರ್ಲಿಮೆಂಟು ಭವನದಲ್ಲಿ ಪ್ರಭುಗಳ ಸಭೆಯ ಕೆಳಗಿದ್ದ ಒಲೆಗಳಲ್ಲಿ ಸುಟ್ಟುಬಿಡಬೇಕೆಂದು ಆಜ್ಞೆಯಾಯಿತು. ೧೮೩೪ನೆಯ ಇಸವಿ ಅಕ್ಟೋಬರ್ ೧೬ರಂದು ಕೆಲಸಗಾರರು ದಿನವಿಡೀ ಕೋಲುಗಳನ್ನು ಒಲೆಗೆ ತುಂಬಿದರು. ಒಣಗಿದ ಮರ, ಹೊಗೆಗೊಳವೆಗಳು ಮಿತಿಮೀರಿ ಕಾದುವು. ಸಂಜೆಯ ವೇಳೆಗೆ ಬೆಂಕಿ ಹೊರಕ್ಕೆ ಹಾಯ್ದಿತು. ರಾತ್ರಿಯಾಗುವಷ್ಟರಲ್ಲಿ ಪ್ರಭುಗಳ ಸಭೆಯೂ ಸಾಮಾನ್ಯರ ಸಭೆಯೂ ಎರಡೂ ಉರಿದುಹೋದುವು. ಹಳೆಯ ವೆಸ್ಟ್‌ಮಿನ್‌ಸ್ಟರ್ ಹಾಲನ್ನು ಬಹು ಕಷ್ಟದಿಂದ ಉಳಿಸಿಕೊಂಡರು. ಥೇಮ್ಸ್ ನದಿಯ ದಂಡೆಯಲ್ಲಿ ಇಂದು ನಾವು ಚಿತ್ರಗಳಲ್ಲಿ ಕಾಣುವ ಪಾರ್ಲಿಮೆಂಟು ಭವನವನ್ನು ಆಮೇಲೆ ಕಟ್ಟಿದರು. ಲೆಕ್ಕದ ಕಡ್ಡಿಗಳು ಒಂದು ರಾಜ್ಯದ ಶಾಸನಸಭೆಯನ್ನು ಸುಟ್ಟ ಉದಾಹರಣೆ ಜಗತ್ತಿನಲ್ಲಿ ಇನ್ನೊಂದು ಇರಲಾರದು. ಈ ಕಥೆಯನ್ನು ಹೇಳಿದಾಗ ಚಿಕ್ಕ ಮಕ್ಕಳು, “ಕೋಲುಗಳನ್ನು ನಮಗೆ ಕೊಡಬಾರದಾಗಿತ್ತೇ?” ಎಂದು ಕೇಳಿದರು. ನನಗೂ ಹಾಗೆಯೇ ಅನ್ನಿಸುತ್ತದೆ.

ಮರಳಿ ತರಗತಿಗೆ ಬರೋಣ. ಬೀಜಗಳಿಂದ ಕೆಲಸ ಸಾಗಿದ ಮೇಲೆ ಗೀಟಿಗೆ ಬರಬೇಕು. ಬೀಜಗಳು ಚೆಲ್ಲಿಹೋಗುತ್ತವೆ, ಗೀಟು ನಿಲ್ಲುತ್ತದೆ. ನಿನ್ನೆ ಎಷ್ಟು ಮಂದಿ ಆಡಲು ಹೋಗಿದ್ದರೆಂದು ಡಬ್ಬಿಯನ್ನು ಕೇಳಿದರೆ ಅದು ಹೇಳಲಾರದು, ಕಾಗದ ಹೇಳುತ್ತದೆ. ಮಗು ಪ್ರತಿಯೊಂದು ಬೀಜವನ್ನೂ ಬದಿಗೆ ಸರಿಸಿ ಒಂದೊಂದು ಗೀಟು ಎಳೆಯಲಿ. ಬೀಜ ಸರಿಸುವ ಕೈಯೂ ಗೀಟು ಎಳೆಯುವ ಕೈಯೂ ಒಂದರ ಅನಂತರ ಒಂದು ಕೆಲಸ ಮಾಡಬೇಕಾದುದರಿಂದ ಮೊದಲು ಓಡುತ್ತಿದ್ದ ಬಾಯಿಗೆ ಈಗ ಓಡಲು ಅವಕಾಶವಿರುವುದಿಲ್ಲ.

ಹತ್ತು ಹನ್ನೆರಡು ಗೀಟುಗಳಾದ ಕೂಡಲೇ ಒಂದು ತೊಂದರೆ ತಲೆದೋರುತ್ತದೆ. ಒಂದೇ ಸಾಲಿನಲ್ಲಿ ನಿಂತ ಗೀಟುಗಳನ್ನು ಕಣ್ಣು ಹಿಡಿಯಲಾರದು. ಎಷ್ಟರವರೆಗೆ ಹಿಡಿಯಬಲ್ಲದು? ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ಎಂಬ ಇಂಗ್ಲಿಷ್ ಅರ್ಥಶಾಸ್ತ್ರಜ್ಞ ಇದನ್ನು ತನ್ನ ಮೇಲೆಯೇ ಪರೀಕ್ಷಿಸಿಕೊಂಡು ೧೮೭೧ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದ. ಒಂದು ಹಿಡಿ ಅವರೆಯಂಥ ಕಾಳುಗಳನ್ನು ತೆಗೆದುಕೊಂಡು, ಬಿಳಿಯ ಚಿಕ್ಕ ಪೆಟ್ಟಿಗೆಯೊಂದರ ಕಡೆಗೆ ಎಸೆಯುವುದು. ಒಳಗೆ ಬಿದ್ದವು ಎಷ್ಟೆಂದು ಎಣಿಸದೆ ಒಂದೇ ನೋಟದಲ್ಲಿ ಹೇಳುವುದು. ಆಮೇಲೆ ಎಣಿಸಿ ಪರೀಕ್ಷಿಸುವುದು. ಹೀಗೆ ಸಾವಿರಕ್ಕೂ ಹೆಚ್ಚು ಸಲ ಮಾಡಿದ. ಮೂರು ಅಥವಾ ನಾಲ್ಕು ಕಾಳು ಬಿದ್ದಾಗ ಒಮ್ಮೆಯೂ ತಪ್ಪಲಿಲ್ಲ. ಐದು ಬಿದ್ದಾಗ ಅಲ್ಲೊಮ್ಮೆ ಇಲ್ಲೊಮ್ಮೆ ತಪ್ಪು ನುಸುಳಿತು. ಮುಂದೆ ಮುಂದೆ ತಪ್ಪುಗಳು ಬೆಳೆಯುತ್ತ ಹೋದುವು. ಎಷ್ಟು ಕಡಿಮೆ ಖರ್ಚಿನ ಪ್ರಯೋಗ! ನಾಳೆಯೇ ಮನೆಯಲ್ಲಿ ಮಾಡಿ ನೋಡಬಹುದು, ತಾಯಿಯವರ ಅಪ್ಪಣೆಯಿದ್ದರೆ.

ನಾಲ್ಕು ಎಂಬುದು ಕಣ್ಣಿನ ಎಲ್ಲೆ. ಚನ್ನೆಮಣೆ ಆಡಿದವರಿಗೆ ಇದು ಪುಸ್ತಕವಿಲ್ಲದೆಯೇ ಗೊತ್ತು. ದಕ್ಷಿಣ ಕನ್ನಡದ ಮನೆಗಳಲ್ಲಿ ಈ ಆಟವನ್ನು ಸಾಮಾನ್ಯವಾಗಿ ಕುಳಿಗೆ ನಾಲ್ಕರಂತೆ ಹದಿನಾಲ್ಕು ಕುಳಿಗಳಿಗೆ ಬೀಜ ತುಂಬಿ ಪ್ರಾರಂಭಿಸುತ್ತಾರೆ. ಯಾವ ಕುಳಿಯಲ್ಲಾದರೂ ಒಂದು ಬೀಜ ಕಡಿಮೆಯಾಗಿದ್ದರೆ ಆಡುವವರ ಕಣ್ಣಿಗೆ ಥಟ್ಟನೆ ಬೀಳುತ್ತದೆ. ನಮ್ಮ ಕನ್ನಡ ಅಂಕಿಗಳ ಪೂರ್ವಜವಾದ ಬ್ರಾಹ್ಮೀ ಅಂಕಿಗಳಲ್ಲಿಯೂ ಇದರ ಗುರುತಿದೆ. ಒಂದಕ್ಕೆ ಒಂದು ಅಡ್ಡಗೆರೆ, ಎರಡಕ್ಕೆ ಎರಡು, ಮೂರಕ್ಕೆ ಮೂರು. ನಾಲ್ಕಕ್ಕೆ ಬಂದಾಗ ಗೆರೆಗಳನ್ನು ಬಿಟ್ಟು ಬೇರೆ ಚಿಹ್ನೆ. ಇಂಥ ಹಳೆಯ ಅಂಕಿಗಳನ್ನು ನೋಡಬೇಕೆಂದರೆ ನೀವು ದೂರ ಹೋಗಬೇಕಾಗಿಲ್ಲ. ಪುಣೆ ಜಿಲ್ಲೆಯ ಜುನ್ನರದ ಹತ್ತಿರ ನಾಣೇಘಾಟಿನ ಗುಹೆಯಲ್ಲಿ ಸಾತವಾಹನರ ಕಾಲದ ಶಾಸನವೊಂದಿದೆ. ಯಜ್ಞಗಳಲ್ಲಿ ಕೊಟ್ಟ ದಾನಗಳ ಲೆಕ್ಕ ಅದರಲ್ಲಿ ಅಂಕಿಗಳಲ್ಲಿಯೇ ಬಂದಿದೆ. ಶಾಲೆಯ ಪ್ರವಾಸಕ್ಕೆ ಹೋಗುವವರು ಇದನ್ನು ನೆನಪಿಡಬೇಕು.

ಆದುದರಿಂದ ಗೀಟುಗಳನ್ನು ಕಟ್ಟು ಕಟ್ಟಬೇಕು. ನಾಲ್ಕು ನಿಂತ ಗೀಟುಗಳು, ಐದನೆಯದು ಅವುಗಳ ಮೇಲೆ ಓರೆಯಾಗಿ ಹಾಯುವ ಗೆರೆ; ಒಂದು ಕಟ್ಟು ಮುಗಿಯಿತು. ಇದೇ ರೂಪ ಎಲ್ಲ ದೇಶಗಳಲ್ಲಿಯೂ ಇದೆಯೆಂದು ತಿಳಿಯಬೇಡಿ. ಚೀನ, ಜಪಾನುಗಳಲ್ಲಿ ಐದೇ ಗೆರೆಗಳಿಂದ ಮುಗಿಯುವ ಒಂದು ಅಕ್ಷರವನ್ನು ಗೆರೆಗೆ ಒಂದರಂತೆ ಬರೆಯುತ್ತ ಹೋಗುತ್ತಾರೆ. ದಕ್ಷಿಣ ಅಮೆರಿಕದ ಕೆಲವು ಕಡೆ ಒಂದು ಚೌಕದ ನಾಲ್ಕು ಬಾಹುಗಳನ್ನು ಎಳೆದು ಐದನೆಯದಾಗಿ ಕರ್ಣವನ್ನು ಎಳೆಯುತ್ತಾರೆ. ರೂಪ ಬೇರೆ, ಐದು ಮಾತ್ರ ಒಂದೇ. ಇದರ ಕಾರಣ ನಿಮ್ಮ ಕೈಯ ತುದಿಯಲ್ಲಿಯೇ ಇದೆ.

ಕಲಿಸುವವರು ಇಲ್ಲಿ ಎಚ್ಚರಿಕೆಯಿಂದಿರಬೇಕು. ಬಹುಮಂದಿ ಮಕ್ಕಳು ಐದು ಗೀಟುಗಳನ್ನು ನಿಲ್ಲಿಸಿ ಆಮೇಲೆ ಓರೆಗೆರೆ ಎಳೆಯುತ್ತಾರೆ. ಅವರ ಮನಸ್ಸಿನಲ್ಲಿ ಓರೆಗೆರೆ ಎಂಬುದು ಕಟ್ಟಿಗೆ ಸುತ್ತಿದ ಹಗ್ಗ. ಅದನ್ನು ಅವರು ಎಣಿಸುವುದಿಲ್ಲ. ಬೈದರೆ ಪ್ರಯೋಜನವಿಲ್ಲ, ಏಕೆಂದರೆ ಅವರು ಯೋಚಿಸಿದ್ದು ಅಸಂಗತವಲ್ಲ. ಅಂಗೈಯನ್ನು ಎದುರಿಗೆ ಹಿಡಿಯಲು ಹೇಳಿ. ನಾಲ್ಕು ಬೆರಳುಗಳು ನಿಂತಿವೆ. ಹೆಬ್ಬೆರಳನ್ನು ಅಂಗೈಯ ಮೇಲೆ ಅಡ್ಡಲಾಗಿ ಮಡಿಸಲು ಹೇಳಿ. ಹೆಬ್ಬೆರಳೂ ಬೆರಳೇ ತಾನೆ? ಎಂದು ಕೇಳಿ. ನಮ್ಮಲ್ಲಿ ಈ ಉಪಾಯ ಒಂದೇ ದಿನದಲ್ಲಿ ಫಲ ಕೊಟ್ಟಿತು. ಕಟ್ಟುಗಳು ಸರಿಯಾದ ಮೇಲೆ ಐದು, ಹತ್ತು, ಹದಿನೈದು ಎಂದು ಕೂಡಿಸುತ್ತ ಹೋಗುವುದು ತಾನಾಗಿಯೇ ಬರುತ್ತದೆ. ಐದರ ಮಗ್ಗಿ ಎಂಬುದು ಎಲ್ಲಿಂದ ಬಂತೆಂದು ಮಗುವಿಗೆ ಹೇಳುವ ಅಗತ್ಯವೇ ಬೀಳುವುದಿಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ಸೂಕ್ಷ್ಮವಾದುದು. ಇಬ್ಬರು ಮಕ್ಕಳು ಎಂಟೆಂಟು ಗೀಟು ಎಳೆದಿದ್ದಾರೆಂದು ಭಾವಿಸಿ. ಒಬ್ಬನು ಒತ್ತೊತ್ತಾಗಿ ಎಳೆದಿದ್ದಾನೆ, ಇನ್ನೊಬ್ಬನು ಸಾಲಿನ ಉದ್ದಕ್ಕೂ ಹರಡಿ ಎಳೆದಿದ್ದಾನೆ. ಯಾರದು ಹೆಚ್ಚು ಎಂದು ಐದು ವರ್ಷದ ಮಗುವನ್ನು ಕೇಳಿದರೆ ಹರಡಿದವನದೇ ಹೆಚ್ಚು ಎನ್ನುತ್ತದೆ. ಸ್ವಿಟ್ಸರ್ಲೆಂಡಿನ ಜ್ಯಾಂ ಪಿಯಾಜೆ ಎಂಬ ವಿದ್ವಾಂಸನು ತನ್ನ ಸಹೋದ್ಯೋಗಿಯಾದ ಅಲೀನಾ ಶೆಮಿನ್ಸ್ಕಾ ಎಂಬ ಮಹಿಳೆಯೊಡನೆ ೧೯೪೧ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮಕ್ಕಳ ಈ ಸ್ವಭಾವವನ್ನು ವಿವರಿಸಿದ್ದಾನೆ. ಉದ್ದವನ್ನೂ ಸಂಖ್ಯೆಯನ್ನೂ ಬೇರ್ಪಡಿಸಲು ಮಗುವಿಗೆ ಕಾಲ ಬೇಕು. ಅದಕ್ಕಾಗಿ ಚೌಕುಳಿಯ ಕಾಗದ ಕೊಡಿ. ಒಂದು ಮನೆಯಲ್ಲಿ ಒಂದು ಕಟ್ಟು ಮಾತ್ರ ಇರಲಿ. ಆಗ ಕಣ್ಣಿಗೆ ಕಾಣುವ ಉದ್ದವೂ ಸುಳ್ಳು ಹೇಳುವುದಿಲ್ಲ.

ಮುಂಬಯಿಯಲ್ಲಿ ಬೆಳೆಯುವ ಕನ್ನಡ ಮಕ್ಕಳಿಗೆ ಗೀಟಿನಿಂದ ವಿಶೇಷವಾದ ಒಂದು ಪ್ರಯೋಜನವಿದೆ. ಒಂದನೆಯ ಇಯತ್ತೆಗೆ ಬರುವ ಮಗು ಬಸ್ಸಿನಲ್ಲಿ ಏಕ್, ದೋನ್, ತೀನ್ ಎಂಬುದನ್ನು ಕೇಳಿರುತ್ತದೆ. ಪಕ್ಕದ ಮನೆಯಲ್ಲಿ ಒನ್, ಟೂ, ಥ್ರೀ ಎಂದು. ಅಜ್ಜಿಯ ಬಾಯಲ್ಲಿ ಒಂಜಿ, ರಡ್ಡ್, ಮೂಜಿ ಎಂದು. ಶಾಲೆಯಲ್ಲಿ ಒಂದು, ಎರಡು, ಮೂರು ಎಂದು. ಒಂದೇ ವಸ್ತುವಿಗೆ ನಾಲ್ಕು ಹೆಸರು! ಹೆಸರುಗಳ ಕಟ್ಟಡವೂ ಒಂದೇ ಬಗೆಯದಲ್ಲ. ಕನ್ನಡದಲ್ಲಿ ಇಪ್ಪತ್ತರ ಮೇಲೆ ಒಂದಾದರೆ ಇಪ್ಪತ್ತೊಂದು. ಇಪ್ಪತ್ತು ಮೊದಲು, ಒಂದು ಆಮೇಲೆ, ಬರೆಯುವ ಕ್ರಮದಲ್ಲಿಯೇ. ಮರಾಠಿಯಲ್ಲಿ ಏಕವೀಸ, ಒಂದು ಮೊದಲು, ಇಪ್ಪತ್ತು ಆಮೇಲೆ. ಕನ್ನಡದ ಇಪ್ಪತ್ತೊಂಬತ್ತು ಮರಾಠಿಯಲ್ಲಿ ಏಕೋಣತೀಸ, ಎಂದರೆ ಮೂವತ್ತಕ್ಕೆ ಒಂದು ಕಡಿಮೆ. ಬಾಲಭಾರತಿಯ ಎರಡನೆಯ ಇಯತ್ತೆಯ ಗಣಿತ ಪುಸ್ತಕದಲ್ಲಿ ೨೦೧೯ರಲ್ಲಿ ವೀಸ ಏಕ ಎಂಬ ಬಗೆಯ ಹೊಸ ರೀತಿಯನ್ನು ತಂದಾಗ ಮಹಾರಾಷ್ಟ್ರದಲ್ಲೆಲ್ಲ ಚರ್ಚೆಯೆದ್ದು ಅದರ ಸದ್ದು ವಿಧಾನಸಭೆಯವರೆಗೂ ಹೋಯಿತು. ಅಂಥ ರೀತಿ ನಮ್ಮ ಭಾಷೆಯಲ್ಲಿ ಮೊದಲಿನಿಂದಲೂ ಇದೆಯೆಂದು ಹೆಮ್ಮೆಪಡಬಹುದು; ಆದರೆ ಕನ್ನಡವನ್ನು ಮನೆಯಲ್ಲಿ ಹೆಚ್ಚು ಕೇಳದ ಮಗುವಿಗೆ ಆ ಹೆಮ್ಮೆಯಿಂದ ಏನೂ ಉಪಯೋಗವಿಲ್ಲ.

ಎರಡು ವರ್ಷಗಳ ಕೆಳಗೆ ಒಬ್ಬ ಹುಡುಗಿ ಶಾಲೆಗೆ ಸೇರಿದ ಮೊದಲ ಒಂದು ತಿಂಗಳು ತರಗತಿಯಲ್ಲಿ ತುಟಿಯನ್ನೇ ತೆರೆಯಲಿಲ್ಲ. ಅವಳಿಗೆ ಎಣಿಕೆ ಬರುವುದಿಲ್ಲವೆಂದು ನಾನೇ ನನ್ನ ಪುಸ್ತಕದಲ್ಲಿ ಬರೆದುಕೊಂಡಿದ್ದೆ. ಗೀಟಿನ ಪಾಠ ಪ್ರಾರಂಭವಾದ ದಿನ ಕಿಟಕಿಯ ಸರಳುಗಳನ್ನೂ, ಬೆಂಚುಗಳನ್ನೂ, ಮೂಲೆಯಲ್ಲಿದ್ದ ಕೊಡೆಗಳನ್ನೂ ಅವಳು ಒಂದೂ ತಪ್ಪದೆ ಗೀಟು ಹಾಕಿ, ಐದೈದರ ಕಟ್ಟು ಕಟ್ಟಿ ತೋರಿಸಿದಳು. ಎಣಿಕೆ ಅವಳಿಗೆ ಬರುತ್ತಿತ್ತು; ಕನ್ನಡದ ಹೆಸರುಗಳು ಬರುತ್ತಿರಲಿಲ್ಲ. ಹೆಸರುಗಳನ್ನು ಆ ಗೀಟುಗಳ ಮೇಲೆ ಬೆರಳಿಟ್ಟು ಕಲಿತಳು. ನನ್ನ ಪುಸ್ತಕದ ಆ ಸಾಲನ್ನು ನಾನು ಹೊಡೆದುಹಾಕಿದೆ.

ಒಂದು ಬಗೆಯ ವಸ್ತುಗಳನ್ನು ಎಣಿಸಲು ಬಂದ ಮೇಲೆ ಹಲವು ಬಗೆಯವನ್ನು ಬೇರ್ಪಡಿಸಿ ಎಣಿಸುವ ಪಟ್ಟಿಗೆ ಬರಬಹುದು. ಎಡಗಡೆ ವಸ್ತುಗಳ ಹೆಸರು ಅಥವಾ ಚಿತ್ರ, ನಡುವೆ ಗೀಟುಗಳು, ಬಲಗಡೆ ಮೊತ್ತ. ಇಲ್ಲಿ ನನ್ನದೊಂದು ಆಕ್ಷೇಪಣೆಯಿದೆ. ಕೆಲವು ಅಭ್ಯಾಸ ಪುಸ್ತಕಗಳಲ್ಲಿ ಐದು ಸೇಬು, ಮೂರು ಚೆಂಡು, ನಾಲ್ಕು ಮೀನುಗಳ ಚಿತ್ರ ಕೊಟ್ಟು, ಗೀಟು ಹಾಕಿ ಎಣಿಸಿರಿ ಎಂದಿರುತ್ತದೆ. ಸೇಬುಗಳು ಕಾಗದದ ಮೇಲೆ ಕದಲದೆ ಕುಳಿತಿರುವಾಗ ಗೀಟು ಏತಕ್ಕೆ? ನೇರವಾಗಿ ಎಣಿಸಿದರಾಯಿತು. ಜಾಣ ಮಗು ಮೊದಲು ಎಣಿಸಿ, ಉತ್ತರ ಬರೆದು, ಆಮೇಲೆ ನಮ್ಮ ಸಮಾಧಾನಕ್ಕಾಗಿ ಗೀಟು ಎಳೆಯುತ್ತದೆ. ಗೀಟು ನಿಜವಾಗಿ ಬೇಕಾಗುವುದು ನಮಗಾಗಿ ಕಾಯದೆ ಹಾದುಹೋಗುವ ವಸ್ತುಗಳಿಗೆ: ಕಿಟಕಿಗೆ ಬರುವ ಹಕ್ಕಿಗಳು, ಒಂದಾದ ಮೇಲೊಂದು ತೆರೆಯುವ ಮತಪತ್ರಗಳು, ರಸ್ತೆಯ ವಾಹನಗಳು.

ಮಕ್ಕಳ ಅಭಿಪ್ರಾಯಗಳೂ ಹೀಗೆಯೇ ಬೆರೆತು ಬರುತ್ತವೆ. ಮೂರನೆಯ ಇಯತ್ತೆಯಲ್ಲಿ ಒಮ್ಮೆ ಯಾವ ಹಣ್ಣು ಇಷ್ಟ ಎಂದು ಕೇಳಿ ಹಲಗೆಯ ಮೇಲೆ ಗೀಟು ಹಾಕಿದೆವು. ಅಂದು ತರಗತಿಯಲ್ಲಿದ್ದವರು ೩೮ ಮಂದಿ. ಗೀಟುಗಳನ್ನು ಕೂಡಿಸಿದರೆ ೪೧. ಗೀಟು ಹಾಕಿದ ಹುಡುಗನನ್ನು ಎಲ್ಲರೂ ತರಾಟೆಗೆ ತೆಗೆದುಕೊಂಡರು. ಅವನು ಕಣ್ಣು ತುಂಬಿಕೊಂಡು ನಿಂತ. ವಿಚಾರಿಸಿದರೆ ತಪ್ಪು ಅವನದಾಗಿರಲಿಲ್ಲ. ಮೂವರು ಮಾವಿಗೂ ಕೈ ಎತ್ತಿ ಸೀತಾಫಲಕ್ಕೂ ಎತ್ತಿದ್ದರು, ಎರಡೂ ಇಷ್ಟವಾದುದರಿಂದ. ತಪ್ಪು ಪ್ರಶ್ನೆ ಕೇಳಿದ ನನ್ನದು. ಎಲ್ಲಕ್ಕಿಂತ ಹೆಚ್ಚು ಇಷ್ಟವಾದುದು ಯಾವುದು ಎಂದು ಕೇಳಬೇಕಾಗಿತ್ತು. ಒಬ್ಬೊಬ್ಬರೇ ಬಂದು ತಮ್ಮ ಗೀಟನ್ನು ತಾವೇ ಹಾಕಬೇಕಾಗಿತ್ತು. ಮೊತ್ತವನ್ನು ತಲೆಗಳೊಡನೆ ತಾಳೆ ನೋಡದಿದ್ದರೆ ಈ ಸಂಗತಿ ಹೊರಬೀಳುತ್ತಲೇ ಇರಲಿಲ್ಲ. ಶಾಲೆಯ ಮಂತ್ರಿಮಂಡಲದ ಚುನಾವಣೆಯಲ್ಲಿ ಮತ ಎಣಿಸುವವರು ಇದನ್ನು ಮರೆಯಬಾರದು.

ರಸ್ತೆಯ ಎಣಿಕೆಗೆ ಇಬ್ಬರು ಬೇಕು. ಒಬ್ಬನು ರಸ್ತೆಯನ್ನೇ ನೋಡುತ್ತ ಬಸ್, ಟ್ಯಾಕ್ಸಿ, ಸೈಕಲ್ ಎಂದು ಕೂಗಬೇಕು. ಇನ್ನೊಬ್ಬನು ಕಾಗದವನ್ನೇ ನೋಡುತ್ತ ಗೀಟು ಹಾಕಬೇಕು. ಒಬ್ಬನೇ ಎರಡನ್ನೂ ಮಾಡಿದರೆ ಅವನು ತಲೆ ತಗ್ಗಿಸಿದಾಗ ಬಸ್ಸು ಹೋಗಿಬಿಡುತ್ತದೆ, ಹೋದ ಬಸ್ಸು ಎಣಿಸಿಕೊಳ್ಳಲು ತಿರುಗಿ ಬರುವುದಿಲ್ಲ. ಎಷ್ಟು ನಿಮಿಷ ಎಣಿಸಬೇಕು, ಯಾವ ದಿಕ್ಕಿನವು, ನಿಂತ ವಾಹನವನ್ನು ಸೇರಿಸಬೇಕೇ ಬೇಡವೇ ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಿ. ನಾವು ನಿಶ್ಚಯಿಸಿಕೊಂಡಿರಲಿಲ್ಲ, ಒಂದೇ ರಸ್ತೆಯಲ್ಲಿ ಅಕ್ಕಪಕ್ಕದಲ್ಲಿ ನಿಂತ ಎರಡು ಜೋಡಿಗಳ ಟ್ಯಾಕ್ಸಿಗಳ ಲೆಕ್ಕ ಹೊಂದಲೇ ಇಲ್ಲ. ಒಂದು ಜೋಡಿ ಎದುರು ಬದಿಯಲ್ಲಿ ನಿಂತಿದ್ದ ಟ್ಯಾಕ್ಸಿಗಳನ್ನೂ ಸೇರಿಸಿತ್ತು.

ಆ ದಿನದ ಇನ್ನೊಂದು ಸಂಗತಿಯನ್ನು ಹೇಳಿ ಮುಗಿಸುತ್ತೇನೆ. ಈಚೆಗೆ ಡೊಂಬಿವಲಿಯಿಂದ ಮನೆ ಬದಲಿಸಿ ಬಂದಿದ್ದ ಒಬ್ಬ ಹುಡುಗಿ ತನ್ನ ಪಟ್ಟಿಯಲ್ಲಿ ಆಟೋರಿಕ್ಷಾ ಇರಲೇಬೇಕೆಂದು ಹಟ ಹಿಡಿದು, ಬಹು ಅಂದವಾದ ಒಂದು ರಿಕ್ಷಾ ಚಿತ್ರವನ್ನು ಬರೆದುಕೊಂಡಳು. ನಮ್ಮ ಶಾಲೆ ಇರುವುದು ದ್ವೀಪನಗರಿಯ ಭಾಗದಲ್ಲಿ. ಮಾಹೀಮ್, ಶೀವ್‌ಗಳಿಂದ ದಕ್ಷಿಣಕ್ಕೆ ಆಟೋರಿಕ್ಷಾ ಓಡಿಸಲು ಅನುಮತಿಯಿಲ್ಲ. ಇದು ಅವಳಿಗೆ ತಿಳಿಯದು. ನಾನೂ ಹೇಳಲಿಲ್ಲ. ಇಪ್ಪತ್ತು ನಿಮಿಷ ಕಳೆಯಿತು. ಬಸ್ಸಿನ ಮನೆ ತುಂ‌ಬಿತು, ಟ್ಯಾಕ್ಸಿಯ ಮನೆ ಸಾಲದೆ ಅಂಚಿಗೆ ಹೋಯಿತು, ಕೈಗಾಡಿಗೂ ಮೂರು ಗೀಟು ಬಿದ್ದುವು. ರಿಕ್ಷಾದ ಮನೆ ಬರಿದಾಗಿಯೇ ಉಳಿಯಿತು. ಅವಳ ಜೊತೆಯಲ್ಲಿದ್ದ ಹುಡುಗ ಕನಿಕರಪಟ್ಟು, “ಒಂದು ಹಾಕಿಬಿಡು, ಸರಿ ಕಾಣುತ್ತದೆ” ಎಂದು ಮೆಲ್ಲನೆ ಹೇಳಿದ. ಅವಳು ಪೆನ್ಸಿಲನ್ನು ಕಾಗದಕ್ಕೆ ತಾಗಿಸಿ ರಸ್ತೆಯ ಕಡೆಗೆ ನೋಡಿದಳು, ಈ ಕಡೆಗೊಮ್ಮೆ, ಆ ಕಡೆಗೊಮ್ಮೆ. ಆಮೇಲೆ ಪೆನ್ಸಿಲನ್ನು ಎತ್ತಿಕೊಂಡು ನನ್ನ ಬಳಿಗೆ ಬಂದು, “ಬರಲಿಲ್ಲ ಎಂದು ಬರೆಯುವುದು ಹೇಗೆ?” ಎಂದು ಕೇಳಿದಳು.

ಅಲ್ಲಿಯವರೆಗೆ ಆ ಮಕ್ಕಳಿಗೆ ಸೊನ್ನೆ ಎಂದರೆ ಹತ್ತು ಬರೆಯುವಾಗ ಒಂದರ ಪಕ್ಕದಲ್ಲಿ ಹಾಕುವ ಗುಂಡು ಮಾತ್ರ. ನಾನು ಮೊತ್ತದ ಮನೆಯನ್ನು ತೋರಿಸಿ, ಇಲ್ಲಿ ಬರೆ ಎಂದೆ. ಅವಳು ಮನೆಯ ನಾಲ್ಕು ಅಂಚುಗಳಿಗೂ ತಾಗುವಂತೆ ದೊಡ್ಡದಾಗಿ ಒಂದು ಸೊನ್ನೆಯನ್ನು ಬರೆದಳು. ಮರುದಿನ ತರಗತಿಯಲ್ಲಿ ಎಲ್ಲರೂ ಕೇಳಿದ ಮೊದಲ ಪ್ರಶ್ನೆ, ರಿಕ್ಷಾ ಏಕೆ ಬರಲಿಲ್ಲ ಎಂಬುದೇ. ಆ ಪಟ್ಟಿ ಒಂದನೆಯ ಇಯತ್ತೆಯ ಗೋಡೆಯ ಮೇಲೆ, ಬೀಜದ ಡಬ್ಬಿಗೆ ನೇರವಾಗಿ ಮೇಲುಗಡೆ, ಈಗಲೂ ಅಂಟಿಸಿದೆ, ಹೋಗಿ ನೋಡಬಹುದು.